ಮುನಿಸಿನ ತಾಕು

ಅಪ್ಪನ ಕೈ ಡಾಕ್ಟರಮ್ಮನ ಕೈಯ ಮೇಲಿತ್ತು. ನಿಂಬೆ ಸಸಿಯ ಕಾಂಡವನ್ನು ಎಲ್ಲಿ ಸೀಳಬೇಕು, ಕಸಿ ಕಡ್ಡಿಯನ್ನು ಎಷ್ಟು ಓರೆಯಾಗಿ ಕೊಯ್ದು ಕೂರಿಸಬೇಕು ಎಂದು ಬಗ್ಗಿ ತೋರಿಸಿಕೊಡುತ್ತಿದ್ದ. ಟ್ರ್ಯಾಕ್ಟರಿನ ಮೇಲೆ ಕೂತಿದ್ದ ಮಗಳಿಗೆ, ಎಲ್ಲರೂ ಅಕ್ಕ ಎನ್ನುವವಳಿಗೆ, ಅಷ್ಟು ದೂರದಿಂದಲೇ ಡಾಕ್ಟರಮ್ಮನ ಕೈಯಲ್ಲಿದ್ದ ಚಾಕುವಿನ ಗುರುತು ಸಿಕ್ಕಿತು. ಮೂಳೆ ಹಿಡಿಯ ಆ ಚಾಕುವನ್ನು ಅಪ್ಪ ಈ ಐವತ್ತೆರಡು ವರ್ಷದಲ್ಲಿ ಮಗಳಿಗೆ ಮುಟ್ಟಲೂ ಕೊಟ್ಟಿರಲಿಲ್ಲ. ಕೇಳಿದಾಗಲೆಲ್ಲ ಒಂದೇ ಮಾತು: "ನಿನ್ನ ಕೈ ಭಾರ ಕಣೇ. ನೀನು ಟ್ರ್ಯಾಕ್ಟರ್ ನೋಡ್ಕೋ."

ಡಾಕ್ಟರಮ್ಮ ಎಂದರೆ ಹಲ್ಲಿನ ಡಾಕ್ಟರು. ಮೂವತ್ತು ವರ್ಷ ಕಂಡವರ ಬಾಯಿಗೆ ಕೈ ಹಾಕಿ, ನಿವೃತ್ತಿಯಾಗಿ, ಹೋದ ವರ್ಷ ಹೊಲಕ್ಕೆ ಬಂದವರು. ಅವರ ಬೆರಳು ಹಗುರವಂತೆ. ಊಟಕ್ಕೆ ಕೂತಾಗಲೂ ಅಪ್ಪನದು ಅದೇ ವರ್ಣನೆ. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಮಾಡಿದವರು ಈ ಮನೆಯಲ್ಲೇ ಉಂಡು ಹೋಗಿರಬೇಕು.

ಹಾಗೆಂದು ಯಾರನ್ನು ದೂರುವುದು? ತಮ್ಮ ತನ್ನ ಪಾಲನ್ನು ಸೈಟು ಮಾಡಿ ಮಾರುತ್ತೇನೆಂದು ಹಟ ಹಿಡಿದಾಗ, ಮನೆಮನೆ ತಿರುಗಿ ಡಾಕ್ಟರಮ್ಮನದೂ ಸೇರಿ ಹನ್ನೆರಡು ಕುಟುಂಬಗಳನ್ನು ಒಟ್ಟುಮಾಡಿದವಳು ಅಕ್ಕನೇ. ಅವರೆಲ್ಲ ಸೇರಿ ಆ ಪಾಲನ್ನು ಕೊಂಡರು. ಬೆಳೆ ಬಾರದ ಮೇಲಿನ ಕಲ್ಲುನೆಲದಲ್ಲಿ ಒತ್ತೊತ್ತಾಗಿ ಸಣ್ಣ ಮನೆಗಳನ್ನು ಕಟ್ಟಿಕೊಂಡರು. ಉಳಿದ ಹೊಲ, ತೋಟ, ತೊರೆಯ ದಂಡೆಯಲ್ಲಿ ಇನ್ನು ಯಾರೂ ಯಾವತ್ತೂ ಒಂದು ಇಟ್ಟಿಗೆ ಇಡುವಂತಿಲ್ಲ. ಪ್ರತಿ ಶನಿವಾರ ಎಲ್ಲರೂ ಮಣ್ಣಿಗಿಳಿದು ದುಡಿಯಬೇಕು. ಇದೇ ಕರಾರು. ಹೀಗೆ ಹೊಲವೇನೋ ಉಳಿಯಿತು, ಅಪ್ಪ ಕೈತಪ್ಪಿದ. ಅಕ್ಕನ ಪಾಲಿಗೆ ಅದು ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಅಕ್ಕಾ, ಒಂದು ನಿಮಿಷ!" ಡಾಕ್ಟರಮ್ಮ ನೋಟ್‌ಬುಕ್ ಹಿಡಿದು ಬದುವಿನ ಮೇಲೆ ಬಂದರು. ಆರು ವರ್ಷ ದೊಡ್ಡವರಾಗಿ ಅಕ್ಕ ಎನ್ನುವುದು ಬೇರೆ! "ಶನಿವಾರ ಕರಾರಿಗೆ ಸಹಿ ಅಲ್ವಾ? ಅದರಲ್ಲಿ ಹೊಲದ ಪ್ರತಿಯೊಂದು ತಾಕಿಗೂ ಹೆಸರು ಬರೀಬೇಕು. ನಿಮ್ಮ ತಂದೇನ ಕೇಳಿದ್ರೆ, ಅದೆಲ್ಲ ನನ್ನ ಮಗಳಿಗೇ ಗೊತ್ತು ಅಂತಾರೆ."

ಅಕ್ಕ ಇಂಜಿನ್ ಆರಿಸದೆ ಒಂದೊಂದೇ ಹೇಳಿದಳು. ಗಾಳಿ ತಾಕು. ಅಜ್ಜಿ ತಾಕು. ಉದ್ದನೆ ತಾಕು.

"ತೊರೆ ಪಕ್ಕದ್ದು?"

ಅಕ್ಕ ತೊರೆಯತ್ತ ನೋಡಿದಳು. ಏಳು ವರ್ಷದವಳಿದ್ದಾಗ ಅಪ್ಪ ತಮ್ಮನನ್ನು ಟ್ರ್ಯಾಕ್ಟರ್ ಮೇಲೆ ಕೂರಿಸಿಕೊಂಡು ಇವಳನ್ನು ಬಿಟ್ಟು ಹೋಗಿದ್ದ. ಇವಳು ಹೋಗಿ ತೊರೆ ಪಕ್ಕದ ತಾಕಿನಲ್ಲಿ ಮಧ್ಯಾಹ್ನದವರೆಗೆ ಮುಖ ಊದಿಸಿಕೊಂಡು ಕೂತಳು. ಆಮೇಲೆ ಅಪ್ಪ ಊಟದ ಡಬ್ಬಿ ಹಿಡಿದು ಇಳಿದು ಬಂದ, ಪಕ್ಕದಲ್ಲಿ ಕೂತ, ಒಂದು ಮಾತೂ ಆಡದೆ ಅರ್ಧ ಉಂಡು ಅರ್ಧ ಇವಳತ್ತ ಸರಿಸಿದ. ಅಂದಿನಿಂದ ಅದು ಮುನಿಸಿನ ತಾಕು. ಆ ಹೆಸರು ಅಪ್ಪ ಮಗಳ ನಡುವೆ ಮಾತ್ರ ಇತ್ತು. ಚಾಕುವಿನ ಜೊತೆ ಅದನ್ನೂ ಕೊಟ್ಟುಬಿಡಬೇಕೆ?

"ಕತ್ತೆ ತಾಕು," ಎಂದಳು.

"ಅಯ್ಯೋ, ಅದ್ಯಾಕೆ?"

"ಹಿಂದೆ ಒಂದು ಕತ್ತೆ ಇತ್ತು."

ಈ ಹೊಲದಲ್ಲಿ ಕತ್ತೆ ಯಾವತ್ತೂ ಇರಲಿಲ್ಲ. ಡಾಕ್ಟರಮ್ಮ ತಮ್ಮ ಮುದ್ದಾದ ಅಕ್ಷರದಲ್ಲಿ ಶ್ರದ್ಧೆಯಿಂದ ಬರೆದುಕೊಂಡರು. ಡಾಕ್ಟರಾಗಿ ಅಕ್ಷರವಾದರೂ ಕೆಟ್ಟದಾಗಿರಬಾರದಿತ್ತೆ ಎಂದು ಅಕ್ಕನಿಗೆ ಅದಕ್ಕೂ ಉರಿಯಿತು.

ಶನಿವಾರ ಬೆಳಿಗ್ಗೆ ಹಣ್ಣು ತುಂಬುವ ಶೆಡ್ಡಿನಲ್ಲಿ ಎಲ್ಲರೂ ಕ್ರೇಟುಗಳ ಮೇಲೆ ಕೂತರು. ಡಾಕ್ಟರಮ್ಮ ಎದ್ದು ನಿಂತು ಕರಾರನ್ನು ಓದಿದರು. "ಸರಿಯಾಗಿ ಕೇಳಿಸ್ಕೊಳ್ಳಿ. ಇದು ರಿಜಿಸ್ಟರ್ ಆದ್ಮೇಲೆ ಒಂದಕ್ಷರಾನೂ ಬದಲಾಯಿಸೋ ಹಾಗಿಲ್ಲ. ಮೊಮ್ಮಕ್ಕಳ ಕಾಲಕ್ಕೂ ಇದೇ." ಗಾಳಿ ತಾಕು ಬಂತು, ಅಜ್ಜಿ ತಾಕು ಬಂತು. ಕತ್ತೆ ತಾಕು ಬಂದಾಗ ಶೆಡ್ಡೆಲ್ಲ ನಗು.

"ಸರಿ ಹೋಯ್ತು," ಎಂದ ಬೇಕರಿಯವನು. "ಶನಿವಾರದ ಕತ್ತೆಗಳು ನಾವೇ ಇದೀವಲ್ಲ!"

ಮೊದಲ ಸಹಿ ಅಪ್ಪನದು. ಪೆನ್ನು ಕೈಯಲ್ಲೇ ಇತ್ತು. ಅವನು ನಗಲಿಲ್ಲ. ಮುಖವೆತ್ತಿ ಮಗಳನ್ನು ನೋಡಿದ.

"ಹೆಸರು ಇದೇನಾ?"

ಹೌದೆಂದರೆ ಮುನಿಸಿನ ತಾಕು ಇಂದಿಗೆ ಮುಗಿಯಿತು, ಅದೂ ಅವಳ ಕೈಯಿಂದಲೇ. ಅಲ್ಲವೆಂದರೆ ಹನ್ನೆರಡು ಮನೆಯವರ ಮುಂದೆ ಮಾನ ಹೋಗುತ್ತದೆ. ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಿದ್ದಳು. ಅಪ್ಪ ಪೆನ್ನು ಹಿಡಿದೇ ಇದ್ದ, ಸಹಿ ಹಾಕಲಿಲ್ಲ.

"ಅಲ್ಲ," ಎಂದಳು ಕೊನೆಗೆ. "ನಾನೇ ಸುಳ್ಳು ಹೇಳಿದ್ದು. ಅದು ಮುನಿಸಿನ ತಾಕು."

ಡಾಕ್ಟರಮ್ಮನ ಮುಖ ಸಣ್ಣಗಾಯಿತು. "ಮುನಿಸಾ? ಯಾರದ್ದು?"

"ನಂದು."

"ಏಳು ವರ್ಷಕ್ಕೆ ಶುರುವಾಗಿದ್ದು," ಎಂದ ಅಪ್ಪ. "ಇನ್ನೂ ಮುಗಿದಿಲ್ಲ."

ಈ ಸಲದ ನಗುವಿಗೆ ಶೆಡ್ಡಿನ ತಗಡು ಅದುರಿತು. ಡಾಕ್ಟರಮ್ಮ ಮಾತ್ರ ನಗದೆ ಕತ್ತೆಯನ್ನು ಹೊಡೆದುಹಾಕಿ ಮೇಲೆ ಮುನಿಸು ಎಂದು ಬರೆದರು. ತಿದ್ದಿದ ಜಾಗದಲ್ಲಿ ಎಲ್ಲರೂ ಸಹಿ ಹಾಕಬೇಕೆಂಬುದು ನಿಯಮ. ಬೇಕರಿಯವನು, ಬಸ್ ಡ್ರೈವರ್, ದರ್ಜಿ ದಂಪತಿ, ಒಬ್ಬೊಬ್ಬರಾಗಿ ಬಂದು ಅಕ್ಕನ ಮುನಿಸಿನ ಪಕ್ಕದಲ್ಲಿ ತಮ್ಮ ಹೆಸರು ಗೀಚಿದರು. ಅಂಚು ಸಾಲದೆ ಕೊನೆಯವರು ಹಾಳೆಯನ್ನು ಅಡ್ಡ ತಿರುಗಿಸಬೇಕಾಯಿತು. ಅಕ್ಕ ತನ್ನ ಸಹಿ ಹಾಕಿ, ಯಾರ ಮುಖವನ್ನೂ ನೋಡದೆ ಹೊರಟುಹೋದಳು.

ಮಧ್ಯಾಹ್ನ ಅವಳು ತೊರೆ ಪಕ್ಕದಲ್ಲಿ ಕೂತಿದ್ದಾಗ ಹಿಂದೆ ಕಾಲಸಪ್ಪಳ ಕೇಳಿತು. ಅಪ್ಪನಿರಬೇಕೆಂದು ತಿರುಗಿದಳು. ಅಪ್ಪ ಇಳಿಜಾರಿನ ತುದಿಯಲ್ಲಿ ಕೋಲೂರಿ ನಿಂತಿದ್ದ. ಇಳಿದು ಬಂದವರು ಡಾಕ್ಟರಮ್ಮ, ಕೈಯಲ್ಲಿ ಡಬ್ಬಿ.

"ಅವರಿಗೆ ಇಳಿಯೋಕೆ ಮಂಡಿ ಬಿಡ್ತಿಲ್ಲವಂತೆ," ಎಂದರು. "ಪಕ್ಕದಲ್ಲಿ ಕೂತು ಅರ್ಧ ತಿನ್ನು, ಮಾತಾಡಬೇಡ ಅಂದ್ರು." "ಅಯ್ಯೋ, ಮಾತಾಡಿಬಿಟ್ಟೆ," ಎಂದು ಬಾಯಿಗೆ ಕೈ ಇಟ್ಟುಕೊಂಡರು.

ಇದನ್ನೂ ಕೊಟ್ಟುಬಿಟ್ಟನಲ್ಲ ಅಪ್ಪ! ಅಕ್ಕನ ಎದೆಯೊಳಗೆ ಹಳೆಯ ಕಿಚ್ಚು ಭಗ್ಗೆಂದಿತು. ಮೇಲೆ ನೋಡಿದಳು. ಬಿಸಿಲಿಗೆ ಅಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದ, ಅಲುಗಾಡದೆ.

ಅವಳು ಬದುವಿನ ಮೇಲೆ ಒಂದು ಗೇಣು ಸರಿದಳು. ಎರಡು ಗೇಣು ಸರಿಯಲು ಜಾಗವಿತ್ತು, ಸರಿಯಲಿಲ್ಲ. ಡಾಕ್ಟರಮ್ಮ ಆ ಒಂದು ಗೇಣಿನಲ್ಲೇ ಹೇಗೋ ಒತ್ತಿ ಕೂತು, ಡಬ್ಬಿಯ ಮುಚ್ಚಳ ತೆಗೆದರು.