ಮುಚ್ಚಳದ ಮಳೆ

ಆ ವರ್ಷ ಮೃಗಶಿರಾ ಮಳೆ ಕೈಕೊಟ್ಟಿತು, ಆರಿದ್ರಾವೂ ಒಣಗಿಕೊಂಡೇ ಹೋಯಿತು. ನಿಟ್ಟುವಳ್ಳಿಯ ಹಿರಿಯರು ಕಟ್ಟೆಯ ಮೇಲೆ ಕೂತು ಕಾರಣ ಹುಡುಕಿದರು. ಸಿಕ್ಕಿದ್ದು ಯಾರು? ಯುಗಾದಿ ಕಳೆದ ಮೇಲೆ ತೀರಿಕೊಂಡ ಗುರುಶಾಂತಮ್ಮ! ಆಕೆಯ ಮೈಮೇಲೆ ತೊನ್ನಿತ್ತಂತೆ. ತೊನ್ನಿದ್ದವರನ್ನು ಹೂತರೆ ಮಳೆ ಓಡಿಹೋಗುತ್ತದಂತೆ, ಅಗೆದು ತೆಗೆದು ಸುಟ್ಟರೆ ಬರುತ್ತದಂತೆ. ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡಿದ ಹೆಂಗಸನ್ನು ಸುಡುವುದಂತೆ! ಸತ್ತವರನ್ನೂ ಬಿಡಬಾರದೇ, ಶಿವನೇ.

ಆಕೆಯ ಮಗಳು ಶಾಂತಕುಮಾರಿ ಊರ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಉರಿಬಿಸಿಲಲ್ಲೂ ಮಣಿಕಟ್ಟಿನವರೆಗೆ ತೋಳಿರುವ ಕುಪ್ಪಸವನ್ನೇ ತೊಡುತ್ತಿದ್ದಳು. ಸೋಮವಾರ ಬೆಳಿಗ್ಗೆ ಮೋಡ ಹೇಗಾಗುತ್ತದೆ ಎಂಬ ಪಾಠ ಶುರುಮಾಡಿದ್ದಳಷ್ಟೇ, ಹಿರಿಯ ಕೊಟ್ಟೂರಪ್ಪನ ಮೊಮ್ಮಗಳು ಅನ್ನಪೂರ್ಣ ಎದ್ದು ನಿಂತಳು.

"ಅಕ್ಕೋರೆ, ಇವತ್ತು ಮಳೆ ಬರುತ್ತಂತೆ. ನಮ್ಮಜ್ಜ ಹಾರೆ ತಗಂಡು ಹೋತು, ನಿಮ್ಮವ್ವನ್ನ ಅಗಿಯಾಕೆ."

ಶಾಂತಕುಮಾರಿ ಅಳಲಿಲ್ಲ. ಪಾಠಕ್ಕೆಂದು ತಂದಿದ್ದ ಪಾತ್ರೆ, ಮುಚ್ಚಳ, ನೀರು, ಸೀಮೆಎಣ್ಣೆ ಸ್ಟೋವು ಎತ್ತಿಕೊಂಡಳು.

"ಏಳ್ರೋ ಎಲ್ರೂ. ಪಾಠ ಇವತ್ತು ಸ್ಮಶಾನದಾಗ ಐತೆ."

ಕೊಟ್ಟೂರಪ್ಪ ನಾಲ್ಕು ಆಳುಗಳೊಂದಿಗೆ ಅಲ್ಲಿ ನಿಂತಿದ್ದ. ಅವಳು ಅವ್ವನ ಸಮಾಧಿಗೆ ಒರಗಿ ಕೂತು ಸ್ಟೋವು ಹಚ್ಚಿದಳು.

"ಏಳವ್ವ, ಅಡ್ಡ ಬರಬ್ಯಾಡ. ಊರಿನ ಹೊಟ್ಟೆಪಾಡು ಇದು," ಎಂದ ಕೊಟ್ಟೂರಪ್ಪ.

"ಮೊನ್ನೆ ಹರಿಹರದಾಗ ಧೋ ಅಂತ ಸುರೀತಲ್ರಿ. ಅಲ್ಲೀಮಟ ಬಂದ ಮೋಡಕ್ಕೆ ನಮ್ಮವ್ವ ಎದ್ದು ಹೋಗಿ, ಈ ಕಡೆ ಬರಬ್ಯಾಡ ಅಂದ್ಲೇನು?"

ಆಳೊಬ್ಬ ಕಿಸಕ್ಕನೆ ನಕ್ಕ. ಅಷ್ಟರಲ್ಲಿ ನೀರು ಕುದಿಯಿತು.

"ಮುಚ್ಚಳ ನೀವೇ ಹಿಡೀರಿ, ಹಿರಿಯರು."

ಮೊಮ್ಮಗಳು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. ಒಲ್ಲೆ ಎನ್ನಲಾಗದೆ ಮುದುಕ ಮುಚ್ಚಳವನ್ನು ಆವಿಗೆ ಅಡ್ಡ ಹಿಡಿದ. ಸ್ವಲ್ಪ ಹೊತ್ತಿಗೆ ಅದರ ಅಂಚಿನಿಂದ ತೊಟತೊಟ ಹನಿ ಬಿದ್ದವು.

"ಅಜ್ಜಾ, ಮಳೆ!"

"ಹೊಳೆ ನೀರೂ ಹಿಂಗೇ ಬಿಸಿಲಿಗೆ ಮ್ಯಾಲೆ ಹೋಗ್ತೈತೆ, ತಣ್ಣಗಾಗಿ ಬೀಳ್ತೈತೆ. ಈಗ ಹೇಳ್ರಿ, ಈ ಮಳೆಗೆ ಯಾರನ್ನ ಅಗೆದ್ವಿ?"

ಕೊಟ್ಟೂರಪ್ಪ ಮುಚ್ಚಳ ಕೆಳಗಿಟ್ಟ. ಆದರೂ ಜಗ್ಗುವವನೇ? "ಎಂಟು ದಿನದಾಗ ಬರಲಿಲ್ಲಾಂದ್ರೆ?" ಎಂದು ಗುರುಗುಟ್ಟಿದ.

ಶಾಂತಕುಮಾರಿ ಕುಪ್ಪಸದ ತೋಳಿನ ಗುಂಡಿ ಬಿಚ್ಚಿ, ಅದನ್ನು ಮೊಣಕೈವರೆಗೆ ಮಡಚಿದಳು. ಮಣಿಕಟ್ಟಿನ ಮೇಲೆ ಬೆಳ್ಳನೆಯ ಮಚ್ಚೆಗಳಿದ್ದವು. ಆಳುಗಳು ಹಿಂದೆ ಸರಿದರು.

"ಬರದಿದ್ರೂ ಅಗಿಯಾಕೆ ಬಿಡಾಕಿಲ್ಲ. ನೋಡ್ರಿ, ನನಗೂ ಐತೆ. ನಾನು ಸತ್ರೂ ಇಲ್ಲೇ, ನಮ್ಮವ್ವನ ಪಕ್ಕದಾಗೇ ಮಣ್ಣಾಗಾಕಿ. ಆವತ್ತು ಹಾರೆ ಹಿಡಿಯೋ ವಯಸ್ಸಿಗೆ ಬಂದಿರೋರು ಈ ಹುಡುಗ್ರು. ಅದಕ್ಕೇ ಇವತ್ತೇ ಪಾಠ ಹೇಳ್ತಿದೀನಿ."

ಅನ್ನಪೂರ್ಣ ಅಜ್ಜನ ಕಾಲಬಳಿ ಬಿದ್ದಿದ್ದ ಹಾರೆಯನ್ನು ಎರಡೂ ಕೈಯಿಂದ ಎಳೆದುಕೊಂಡು ಬಂದು, ಅಕ್ಕೋರ ಪಕ್ಕಕ್ಕೆ ಹಾಕಿ, ಅದರ ಮೇಲೆ ಕೂತಳು.