ಅರ್ಧ ಗೇಣಿನ ಮಣೆ

ನನ್ನ ಬಲಗೈ ಹೆಗಲಿನ ಮೇಲಕ್ಕೆ ಏಳುವುದು ನಿಂತದ್ದು ಎಂಬತ್ತನಾಲ್ಕರ ಜನವರಿಯಲ್ಲಿ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ತಗಡಿಗೆ ತೂತು ಹೊಡೆಯುವ ಕೈ ಪ್ರೆಸ್ಸುಗಳಿದ್ದವು. ಮೇಲಿನ ಹಿಡಿ ಹಿಡಿದು ಒಮ್ಮೆ ಎಳೆದರೆ ಒಂದು ತೂತು. ದಿನಕ್ಕೆ ಎರಡು ಸಾವಿರ ತೂತು. ಹಿಡಿ ಕೂರಿಸಿದ್ದು ಆರಡಿ ಗಂಡಸಿನ ಅಳತೆಗೆ, ಎಳೆಯುತ್ತಿದ್ದವರು ನಮ್ಮಂಥ ಕುಳ್ಳು ಹೆಂಗಸರು. ಆ ಪ್ರೆಸ್ಸು ಮಾಡಿದವನಿಗೆ ಅಕ್ಕತಂಗಿಯರೇ ಇರಲಿಲ್ಲವೋ ಏನೋ.

ಪಕ್ಕದ ಪ್ರೆಸ್ಸಿನ ಮಾರಕ್ಕನಿಗೆ ಹಿಂದಿನ ವರ್ಷ ಹೀಗೆಯೇ ಆಗಿತ್ತು. ಆರು ತಿಂಗಳು ನೋವು ನುಂಗಿಕೊಂಡು ಎಳೆದಳು. ಕೈ ಪೂರ್ತಿ ಬಿದ್ದುಹೋದ ದಿನ ಕೆಲಸಕ್ಕೆ ತಕ್ಕವಳಲ್ಲ ಎಂದು ಮನೆಗೆ ಕಳಿಸಿದರು. ಮುಂದಿನ ಸರದಿ ನನ್ನದೆಂದು ನನಗೂ ಗೊತ್ತಿತ್ತು, ಮೇಸ್ತ್ರಿಗೂ ಗೊತ್ತಿತ್ತು. ಎಡಗೈಯನ್ನು ಬಲಗೈಗೆ ಆಸರೆ ಕೊಟ್ಟು ಎಳೆಯುತ್ತಿದ್ದೆ.

ಆಗ ಬಂತು ವ್ಯಾಯಾಮ. ಸಿಬ್ಬಂದಿ ನೋಡಿಕೊಳ್ಳುವ ಪರ್ಸನೆಲ್ ಆಫೀಸರ್ ಪಟ್ಟಾಭಿರಾಮ ಎಲ್ಲೋ ತರಬೇತಿಗೆ ಹೋಗಿ ಒಂದು ಪಟ ತಂದರು. ಅದರಲ್ಲಿ ಚಡ್ಡಿ ಹಾಕಿದ ಬಿಳಿ ಗಂಡಸೊಬ್ಬ ಹನ್ನೆರಡು ಥರ ಕೈಕಾಲು ಎತ್ತಿದ್ದ. ಪಾಳಿಗೆ ಮುಂಚೆ ಹತ್ತು ನಿಮಿಷ ಅಂಗಳದಲ್ಲಿ ಸಾಲಾಗಿ ನಿಂತು ನಾವೂ ಎತ್ತಬೇಕು. ಸುಳ್ಳೇಕೆ ಹೇಳಲಿ, ಕುತ್ತಿಗೆ ಹೊರಳಿಸಿದಾಗ ಹಾಯೆನಿಸುತ್ತಿತ್ತು. ಆದರೆ ಹತ್ತು ನಿಮಿಷ ಸಡಿಲ ಮಾಡಿದ ಹೆಗಲನ್ನು ಎಂಟು ಗಂಟೆ ಅದೇ ಹಿಡಿಗೆ ನೇತುಹಾಕುತ್ತಿದ್ದೆವು. ನೋವು ಎಂದು ಹೇಳಹೋದರೆ, "ನೀನು ಎಕ್ಸರ್‌ಸೈಜ್ ಸರಿಯಾಗಿ ಮಾಡ್ತಿಲ್ಲ ಕಣಮ್ಮ" ಎನ್ನುತ್ತಿದ್ದರು. ನೋವೂ ನಮ್ಮದೇ, ತಪ್ಪೂ ನಮ್ಮದೇ. ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ಒಂದು ಬೆಳಗ್ಗೆ ಮಾಕಳಿಯ ಮನೆಯಲ್ಲಿ ನನ್ನ ತಲೆ ನಾನೇ ಬಾಚಿಕೊಳ್ಳಲಾಗಲಿಲ್ಲ. ಅತ್ತೆ ಚಿಕ್ಕಮುನಿಯಮ್ಮ ಬಾಚಣಿಗೆ ಕಿತ್ತುಕೊಂಡು ಬಾಚಿದರು. ಬಾಚುತ್ತಲೇ ಎಲ್ಲ ಕೇಳಿಕೊಂಡರು. ಆಮೇಲೆ ಒಳಗೆ ಹೋಗಿ ಊಟಕ್ಕೆ ಹಾಕುವ ಹಲಸಿನ ಮಣೆ ತಂದು ಮುಂದಿಟ್ಟರು. ಅರ್ಧ ಗೇಣು ಎತ್ತರ.

"ಇದ್ರ ಮ್ಯಾಲೆ ನಿಂತ್ಕಂಡು ಎಳಿ."

"ಉಣ್ಣಾಕೆ ಕೂರೋ ಮಣೆ ಕಣತ್ತೆ, ಅದ್ರ ಮ್ಯಾಲೆ ಕಾಲಿಡಾದಾ?"

"ಕೈಯೇ ಇಲ್ದಿದ್ರೆ ಉಣ್ಣಾದೆಂಗೆ? ತಗಂಡೋಗು."

ನಾಲ್ಕು ದಿನ ಆ ಮಣೆಯ ಮೇಲೆ ನಿಂತು ಎಳೆದೆ. ಎಡಗೈ ಆಸರೆ ಬೇಕಾಗಲಿಲ್ಲ. ಎಷ್ಟೋ ದಿನಗಳ ಮೇಲೆ ಬಲಮಗ್ಗುಲಿಗೆ ಮಲಗಿದೆ. ಐದನೆಯ ದಿನ ಪಟ್ಟಾಭಿರಾಮರ ಕಣ್ಣಿಗೆ ಬಿತ್ತು.

"ಎಡವಿ ಬಿದ್ರೆ ಯಾರು ಜವಾಬ್ದಾರಿ? ಸೇಫ್ಟಿ ಅನ್ನೋದು ಬೇಡ್ವಾ?" ಎಂದು ಎತ್ತಿಸಿಕೊಂಡು ಹೋದರು.

ಮಾರನೆಯ ದಿನ ಮಣೆ ಮತ್ತೆ ಕಂಡಿತು. ಅಂಗಳದಲ್ಲಿ, ಅವರ ಬೂಟಿನ ಕೆಳಗೆ. ಅವರೂ ನನ್ನಷ್ಟೇ ಕುಳ್ಳು, ಹಿಂದಿನ ಸಾಲಿನವರಿಗೆ ಕಾಣಬೇಕಲ್ಲ. ನಾನು ಅನ್ನ ಹಾಕಿಕೊಂಡು ಕೂರುವ ಮಣೆಯ ಮೇಲೆ ನಿಂತು ನನಗೇ ಕೈ ಎತ್ತಲು ಕಲಿಸುತ್ತಿದ್ದರು. ಎರಡು ಸಲ ಕೇಳಿದೆ, ಕೊಡಲಿಲ್ಲ. ಕೈ ಮತ್ತೆ ಬೀಳತೊಡಗಿತು. ಹಲ್ಲು ಕಚ್ಚಿಕೊಂಡು ಒಂದು ತಿಂಗಳು ಕಳೆದೆ.

ಮಾರ್ಚಿನಲ್ಲಿ ಸುರಕ್ಷತಾ ಸಪ್ತಾಹ. ಬೊಂಬಾಯಿಯಿಂದ ದೊಡ್ಡ ಸಾಹೇಬರು ಬಂದರು, ಜೊತೆಗೆ ಫೋಟೋ ತೆಗೆಯುವವನು. ಪಟ್ಟಾಭಿರಾಮ ಮಣೆ ಹತ್ತಿ "ಕೈ ಮೇಲೆ" ಎಂದರು. ಎಲ್ಲರ ಕೈ ಎದ್ದಿತು. ನನ್ನದು ಹೆಗಲ ಹತ್ತಿರ ನಿಂತಿತು.

"ನಾಗಲಕ್ಷ್ಮಮ್ಮ, ಇನ್ನೂ ಮೇಲೆ. ಮನಸ್ಸು ಮಾಡಿದ್ರೆ ಆಗತ್ತೆ."

ನಾನು ಸಾಲು ಬಿಟ್ಟು ಮುಂದೆ ಹೋದೆ.

"ಕೆಳಗಿಳೀರಿ ಸಾರ್. ಅದು ನಮ್ಮತ್ತೆ ಮಣೆ."

ಇಳಿದರು, ಗಾಬರಿಗೇ ಇರಬೇಕು. ಮಣೆಯನ್ನು ಎಡಗಂಕುಳಲ್ಲಿ ಇರುಕಿಕೊಂಡು ಒಳಗೆ ನಡೆದೆ. ಎಲ್ಲರೂ ಹಿಂದೆ ಬಂದರು. ಮಣೆ ಹಾಕಿ ನಿಂತು ಒಂದು ತೂತು ಹೊಡೆದು ತೋರಿಸಿದೆ. ಆಮೇಲೆ ಮಣೆ ತೆಗೆದೆ.

"ಈಗ ನೀವು ಎಳೀರಿ ಸಾರ್. ನೆಲದ ಮೇಲೆ ನಿಂತ್ಕಂಡು."

ಬೊಂಬಾಯಿ ಸಾಹೇಬರು ಕೈಕಟ್ಟಿ ನೋಡುತ್ತಿದ್ದರು, ಇಲ್ಲವೆನ್ನಲಾಗಲಿಲ್ಲ. ಪಟ್ಟಾಭಿರಾಮ ತುದಿಗಾಲಲ್ಲಿ ನಿಂತು ಹಿಡಿ ಎಳೆದರು. ನಾನು ಅವರು ಬೆಳಗ್ಗೆ ಎಣಿಸುವ ದನಿಯಲ್ಲೇ ಎಣಿಸಿದೆ. ಒಂದು, ಎರಡು, ಮೂರು. ಮೂವತ್ತೊಂದಕ್ಕೆ ಅವರ ಎಡಗೈ ತಾನಾಗಿ ಬಲಹೆಗಲಿಗೆ ಹೋಯಿತು.

"ಇನ್ನೂ ಸಾವಿರದ ಒಂಬೈನೂರ ಅರವತ್ತೊಂಬತ್ತು ಅದೆ ಸಾರ್. ಮನಸ್ಸು ಮಾಡಿ" ಎಂದೆ. ಫೋಟೋದವನು ಕ್ಯಾಮೆರಾ ಇಳಿಸಿದ್ದ.

ಆ ವಾರವೇ ಬಡಗಿ ಬಂದು ಪ್ರತಿ ಪ್ರೆಸ್ಸಿನ ಕೆಳಗೂ ಹಲಗೆ ಕೂರಿಸಿದ. ಅರ್ಧ ದಿನದ ಕೆಲಸ. ಬರೀ ಅರ್ಧ ದಿನ. ವ್ಯಾಯಾಮವೂ ನಿಲ್ಲಲಿಲ್ಲ, ಈಗ ಅದರಿಂದ ಉಪಯೋಗವೂ ಆಯಿತು. ಯುಗಾದಿ ಹೊತ್ತಿಗೆ ನನ್ನ ತಲೆ ನಾನೇ ಬಾಚಿಕೊಂಡೆ.

ಸುದ್ದಿ ಹೇಳೋಣವೆಂದು ಒಂದು ಭಾನುವಾರ ದಾಸರಹಳ್ಳಿಗೆ, ಮಾರಕ್ಕನ ಮನೆಗೆ ಹೋದೆ. ಊಟಕ್ಕೆ ಕೂತಿದ್ದಳು. ನನ್ನನ್ನು ಕಂಡವಳೇ, ಮುದ್ದೆ ಮುರಿಯುತ್ತಿದ್ದ ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.