ಮಧ್ಯಾಹ್ನದ ಬಾಗಿಲು

'ನಿಮ್ಮ ಪಾರ್ಸೆಲ್ ತಲುಪಿದೆ' ಎಂಬ ಸಂದೇಶ ಸೊಸೆಯ ಮೊಬೈಲಿಗೆ ಬಂದಾಗ ಅವಳು ಇನ್ಯಾರದೋ ತಲುಪದ ಪಾರ್ಸೆಲ್ಲಿನ ಗೋಳು ಕೇಳುತ್ತಿದ್ದಳು. ಅವಳ ಕೆಲಸವೇ ಅದು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಆನ್‌ಲೈನ್ ಅಂಗಡಿಯೊಂದರ ಗಿರಾಕಿಗಳಿಗೆ ದಿನವಿಡೀ ಸಮಾಧಾನ ಹೇಳುವುದು. ಬಂದಿಲ್ಲ ಅನ್ನುವವರು, ಬಂದದ್ದು ಬೇರೆ ಅನ್ನುವವರು, ಬಂದದ್ದೇನೋ ಸರಿ ಆದರೆ ಈಗ ಬೇಡ ಅನ್ನುವವರು. ಎಲ್ಲರಿಗೂ ಒಂದೇ ದನಿಯಲ್ಲಿ 'ನಿಮ್ಮ ತೊಂದರೆ ಅರ್ಥವಾಗುತ್ತದೆ' ಅನ್ನಬೇಕು. ಮನಸ್ಸಿನಲ್ಲಿ ಮಾತ್ರ ಒಬ್ಬರನ್ನೂ ನಂಬಬಾರದು.

ಇದನ್ನು ಅವಳಿಗೆ ಕಲಿಸಿದವನು ಪಕ್ಕದ ಕುರ್ಚಿಯವನು. ಆಫೀಸಿನಲ್ಲಿ ಅವನಿಗೆ ಪತ್ತೇದಾರ ಎಂದೇ ಹೆಸರು. ಗಿರಾಕಿ ಅತ್ತರೆ ಮ್ಯೂಟ್ ಒತ್ತಿ "ನಾಟಕ" ಅನ್ನುವನು. ನಕ್ಕರೆ "ಇದು ಇನ್ನೂ ದೊಡ್ಡ ನಾಟಕ" ಅನ್ನುವನು. ಸುಮ್ಮನಿದ್ದರಂತೂ ಮುಗಿಯಿತು, ಆ ಮನುಷ್ಯ ಪಕ್ಕಾ ಕಳ್ಳ.

ಸೊಸೆ ಕರೆ ಮುಗಿಸಿ ಸಂದೇಶ ಬಿಡಿಸಿದಳು. ಕೆಳಗೊಂದು ಫೋಟೊ ಇತ್ತು. ಕಂದು ಬಾಗಿಲು, ಅದರ ಮುಂದೆ ಹಸಿರು ಪಟ್ಟೆಯ ದಪ್ಪ ಬಟ್ಟೆಯ ಕಾಲೊರಸು, ಅದರ ಮೇಲೆ ಪುಟ್ಟ ಪೆಟ್ಟಿಗೆ. ಅವರ ಮನೆ ಮುಂದಿರುವುದು ಕೆಂಪು ನಾರಿನ ಕಾಲೊರಸು. ದಿನಾ ಬೆಳಿಗ್ಗೆ ಅದನ್ನು ತುಳಿದು ಹೊರಡುತ್ತಾಳೆ, ಸಂಜೆ ಅದನ್ನೇ ತುಳಿದು ಒಳಗೆ ಬರುತ್ತಾಳೆ.

ಫೋನನ್ನು ಪತ್ತೇದಾರನ ಮುಂದೆ ಹಿಡಿದಳು. "ಇದು ನಮ್ಮನೆ ಬಾಗಿಲಲ್ಲ."

"ಎಲ್ಲರೂ ಹೀಗೇ ಅಲ್ವಾ ಅನ್ನೋದು," ಎಂದು ಅವನು ಅಭ್ಯಾಸಬಲದಿಂದ ಅಂದ. ಆಮೇಲೆ ಕನ್ನಡಕ ಮೇಲೇರಿಸಿ, "ನಿಮ್ಮ ಬಿಲ್ಡಿಂಗಲ್ಲಿ ಬಾಗಿಲೆಲ್ಲ ಒಂದೇ ಥರಾನಾ?"

"ಹೋದ ವಾರ ಎಲ್ಲಾದಕ್ಕೂ ಒಂದೇ ಬಣ್ಣ ಹೊಡೆಸಿದ್ರು. ನಂಬರ್ ಪ್ಲೇಟ್ ಇನ್ನೂ ಹಾಕಿಲ್ಲ."

"ಹಾಗಾದ್ರೆ ಯಾರೋ ಹತ್ತಿರದವರೇ. ದೂರದವರಿಗೆ ಅಷ್ಟು ಧೈರ್ಯ ಬರಲ್ಲ. ಏನಿತ್ತು ಅದರಲ್ಲಿ?"

"ಏನೋ ಸಣ್ಣ ಸಾಮಾನು," ಎಂದು ಸೊಸೆ ಮುಖ ತಿರುಗಿಸಿದಳು.

ಅದರಲ್ಲಿದ್ದದ್ದು ಕ್ಯಾಮೆರಾ. ಬೆಂಕಿಪೊಟ್ಟಣದಷ್ಟು ದೊಡ್ಡದು. ಮನೆಯ ಮೂಲೆಯಲ್ಲಿಟ್ಟರೆ ಆಫೀಸಿನಲ್ಲಿ ಕೂತೇ ನೋಡಬಹುದು. ತರಿಸಿದ ವಿಷಯ ಗಂಡನಿಗೂ ಹೇಳಿರಲಿಲ್ಲ. ಅವನು ಲಿಫ್ಟ್ ರಿಪೇರಿಯವನು, ಊರೂರು ಸುತ್ತಿ ವಾರಕ್ಕೊಮ್ಮೆ ಮನೆ ಸೇರುವವನು. ಹೇಳಿದ್ದರೆ "ನಮ್ಮಮ್ಮನ ಮೇಲೇನಾ?" ಅನ್ನುತ್ತಿದ್ದ.

ಹೌದು, ಅವನ ಅಮ್ಮನ ಮೇಲೆಯೇ. ಅತ್ತೆ ಬಚ್ಚಲಲ್ಲಿ ಜಾರಿ ಸೊಂಟಕ್ಕೆ ಪೆಟ್ಟು ಮಾಡಿಕೊಂಡು ಕೆಲವು ತಿಂಗಳಾಗಿತ್ತು. ಕೋಲು ಹಿಡಿದು ಮನೆಯೊಳಗೆ ಓಡಾಡಬಹುದು, ಹೊಸ್ತಿಲು ಮಾತ್ರ ದಾಟಬಾರದೆಂದು ಸೊಸೆ ಕಟ್ಟಪ್ಪಣೆ ಮಾಡಿದ್ದಳು. ಮಧ್ಯಾಹ್ನ ಅತ್ತೆಗೆ ಊಟ ಬಡಿಸಿ, ಮಾತ್ರೆ ಕೊಟ್ಟು, ಒಂದಷ್ಟು ಹೊತ್ತು ಜೊತೆಗಿರುವವರು ಎದುರು ಮನೆಯ ಟೈಲರಕ್ಕ. ಮನೆಯಲ್ಲೇ ಹೊಲಿಗೆ ಮಷೀನ್ ಇಟ್ಟುಕೊಂಡು ಬಟ್ಟೆ ಹೊಲಿಯುವವರು, ಒಂಟಿ ಹೆಂಗಸು. ಮನೆಯ ಇನ್ನೊಂದು ಕೀ ಅವರ ಹತ್ತಿರವೇ ಇತ್ತು. ಟೈಲರಕ್ಕ ಇಲ್ಲದಿದ್ದರೆ ಸೊಸೆ ಕೆಲಸಕ್ಕೆ ಹೋಗುವ ಮಾತೇ ಇಲ್ಲ.

ಆದರೆ ಕೆಲ ದಿನಗಳಿಂದ ಮನೆಯಲ್ಲಿ ಏನೋ ನಡೆಯುತ್ತಿತ್ತು. ಸಂಜೆ ಬಂದು ನೋಡಿದರೆ ಸಕ್ಕರೆ ಡಬ್ಬ ತಳ ಕಾಣುತ್ತಿತ್ತು. ಅತ್ತೆಯ ಕೋಲಿನ ತುದಿಯ ರಬ್ಬರಿಗೆ ಬೂದು ಬಣ್ಣದ ಧೂಳು ಮೆತ್ತಿಕೊಂಡಿರುತ್ತಿತ್ತು. ಆಫೀಸಿನಿಂದ ಫೋನ್ ಮಾಡಿದರೆ ಅತ್ತೆ ಏದುಸಿರು ಬಿಡುತ್ತ ಎತ್ತುವರು, ಹಿಂದೆ ಟೈಲರಕ್ಕನ ನಗು ಕೇಳಿ ತಟ್ಟನೆ ನಿಲ್ಲುವುದು. "ಏನು ಮಾಡ್ತಿದ್ರಿ ಅತ್ತೆ?" ಎಂದರೆ "ಏನಿಲ್ಲ ಕಣೇ, ಮಲಗಿದ್ದೆ." ಮಲಗಿದವರಿಗೆ ಯಾಕೆ ಏದುಸಿರು? ಇಂಥ ಉತ್ತರವನ್ನು ಗಿರಾಕಿ ಕೊಟ್ಟಿದ್ದರೆ ಸೊಸೆ ಅವನ ದೂರನ್ನು ಅಲ್ಲೇ ಮುಚ್ಚಿಬಿಡುತ್ತಿದ್ದಳು.

ಹಾಗಾಗಿ ಕ್ಯಾಮೆರಾ. ಭಾನುವಾರ ತಾನೇ ಮನೆಯಲ್ಲಿದ್ದಾಗ ಬರುವಂತೆ ಆರ್ಡರ್ ಮಾಡಿದ್ದಳು. ಅದೋ, ಗುರುವಾರವೇ ಬಂದು, ಯಾರದೋ ಬಾಗಿಲ ಮುಂದೆ ಕೂತು ಫೋಟೊ ತೆಗೆಸಿಕೊಂಡಿತ್ತು.

ಮನೆಗೆ ಫೋನ್ ಮಾಡಿದಳು. ಬಿಡುವು ಸಿಗುವಷ್ಟರಲ್ಲಿ ಟೀ ಹೊತ್ತಾಗಿತ್ತು. ಕ್ಯಾಮೆರಾ ಬಂತಾ ಎಂದು ಕೇಳುವ ಹಾಗಿಲ್ಲ. "ಅತ್ತೆ, ಯಾರಾದ್ರೂ ಬಂದಿದ್ರಾ?"

"ಬಂದಿದ್ದ. ವಾಪಸ್ ತಗೊಂಡು ಹೋಗೋನು. ಪೆಟ್ಟಿಗೆ ಕೇಳ್ದ, ಕೊಟ್ಟೆ."

ಅದು ಸರಿ. ಬಿಗಿಯಾದ ಚಪ್ಪಲಿಯನ್ನು ವಾಪಸ್ ಕಳಿಸಲು ಬೆಳಿಗ್ಗೆ ಬಾಗಿಲ ಬಳಿ ಇಟ್ಟು, "ಒಬ್ಬ ಬರ್ತಾನೆ, ನಮಗೆ ಬೇಡದ್ದನ್ನ ಕೊಟ್ಟು ಕಳ್ಸಿ" ಎಂದು ಅವಳೇ ಹೇಳಿ ಬಂದಿದ್ದಳು. ವಾಪಸ್ ಪಡೆದಿದ್ದಾಗಿ ಸಂದೇಶವೂ ಬಂದಿತ್ತು. "ಬೇರೆ ಯಾರೂ ಬರ್ಲಿಲ್ವಾ?"

"ಬೇರೆ ಯಾರು ಬರ್ತಾರೆ ನಮ್ಮನೆಗೆ?" ಎಂದು ಅತ್ತೆ ಫೋನಿಟ್ಟರು.

ಸಂಜೆ ಸೊಸೆ ನೇರ ಮನೆಗೆ ಹೋಗಲಿಲ್ಲ. ಲಿಫ್ಟ್ ಹತ್ತದೆ, ಕೆಳಗಿನಿಂದ ಒಂದೊಂದೇ ಮಹಡಿ ಹತ್ತುತ್ತ, ಫೋನಿನಲ್ಲಿದ್ದ ಬಾಗಿಲನ್ನೂ ಎದುರಿಗಿದ್ದ ಬಾಗಿಲನ್ನೂ ಹೋಲಿಸುತ್ತ ಹೋದಳು. ಎಲ್ಲ ಬಾಗಿಲೂ ಕಂದು. ಕಾಲೊರಸುಗಳು ಮಾತ್ರ ನಾನಾ ಬಗೆ. ಒಂದರ ಮೇಲೆ ಬೆಕ್ಕಿನ ಚಿತ್ರ, ಇನ್ನೊಂದು ಹಳೇ ಟವೆಲ್, ಮತ್ತೊಂದು ಕಡೆ ಬರೀ ಗೋಣಿತಾಟು. ಮೂರನೇ ಮಹಡಿಯಲ್ಲಿ ಬಗ್ಗಿ ನೋಡುತ್ತಿದ್ದಾಗ ಬಾಗಿಲು ತೆರೆದು, ಟವೆಲ್ ಸುತ್ತಿಕೊಂಡ ಗಂಡಸೊಬ್ಬ ನಿಂತ.

"ಯಾರು ಬೇಕಿತ್ತು?"

"ಯಾರೂ ಇಲ್ಲ. ಬಾಗಿಲು ನೋಡ್ತಾ ಇದ್ದೆ."

"ನೋಡಿ ನೋಡಿ. ಒಳಗೆ ಬಂದ್ರೆ ಕಿಟಕೀನೂ ತೋರಿಸ್ತೀನಿ."

ಅವಳು ಸರಸರನೆ ಮೆಟ್ಟಿಲೇರಿದಳು. ಎಲ್ಲೂ ಹಸಿರು ಪಟ್ಟೆ ಇರಲಿಲ್ಲ. ತನ್ನ ಮಹಡಿಗೆ ಬಂದಾಗ ಟೈಲರಕ್ಕನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಷೀನಿನ ಪಕ್ಕ ಬಟ್ಟೆ ಚೂರುಗಳ ರಾಶಿ. ಆ ರಾಶಿಯಿಂದ ಅದೇ ಹಸಿರು ಪಟ್ಟೆಯ ಒಂದು ತುಂಡು ನಾಲಿಗೆಯಂತೆ ಹೊರಚಾಚಿತ್ತು.

ಸೊಸೆಗೆ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಸಕ್ಕರೆ, ನಗು, ಏದುಸಿರು, ಕಾಲೊರಸು. ಎದುರುಬದುರು ಬಾಗಿಲು, ಡೆಲಿವರಿಯವನು ತಪ್ಪಿ ಅಲ್ಲಿಟ್ಟಿದ್ದಾನೆ, ಇವರು ಒಳಗೆಳೆದುಕೊಂಡು ಕಾಲೊರಸನ್ನೂ ಎತ್ತಿಟ್ಟಿದ್ದಾರೆ. ಕೇಳಿಬಿಡೋಣವೆಂದರೆ, ಏನಿತ್ತು ಪೆಟ್ಟಿಗೆಯಲ್ಲಿ ಎಂಬ ಪ್ರಶ್ನೆ ಬರುತ್ತದೆ. ನಿಮ್ಮನ್ನು ಕಾಯಲೆಂದು ತರಿಸಿದ ಕ್ಯಾಮೆರಾ ಎಂದು ಹೇಳುವುದು ಹೇಗೆ?

ಆ ರಾತ್ರಿ ಅವಳಿಗೆ ಒಂದು ಉಪಾಯ ಹೊಳೆಯಿತು. ಮಾರನೆಯ ಬೆಳಿಗ್ಗೆ ಟೈಲರಕ್ಕನ ಬಾಗಿಲು ತಟ್ಟಿದಳು. ಅಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಬಂದರು.

"ಅಕ್ಕ, ಬೀಗ ಬದಲಾಯಿಸ್ತಿದೀವಿ. ಆ ಹಳೇ ಕೀ ಕೊಟ್ಬಿಡಿ."

ಅಕ್ಕ ಒಂದೊಂದಾಗಿ ಪಿನ್ನುಗಳನ್ನು ತೆಗೆದು ರವಿಕೆಯ ಅಂಚಿಗೆ ಚುಚ್ಚಿಕೊಂಡರು. "ಕೆಟ್ಟಿತ್ತೇನು ಬೀಗ?"

"ಹ್ಞೂಂ, ಸ್ವಲ್ಪ."

"ನಿನ್ನೆ ಮಧ್ಯಾಹ್ನ ಚೆನ್ನಾಗೇ ತೆಗೀತಲ್ಲ."

"ಒಂದೊಂದ್ಸಲ ತೆಗಿಯುತ್ತೆ. ಹೊಸ ಕೀ ಮಾಡಿಸಿ ಕೊಡ್ತೀನಿ. ಇವತ್ತು ಊಟ ಮೇಜಿನ ಮೇಲೇ ಇಟ್ಟಿದೀನಿ, ನೀವು ಬರೋದು ಬೇಡ."

ಅಕ್ಕ ಅವಳನ್ನೊಮ್ಮೆ ನೋಡಿದರು. ಅಳತೆ ತೆಗೆಯುವವರು ನೋಡುವ ಹಾಗೆ, ಹೆಗಲಿನಿಂದ ಪಾದದವರೆಗೆ. ಗೋಡೆಯ ಮೊಳೆಯಿಂದ ಕೀ ತೆಗೆದು ಅಂಗೈಗೆ ಹಾಕಿದರು. "ಆಯ್ತು" ಎಂದಷ್ಟೇ ಅಂದು ಬಾಗಿಲು ಎಳೆದುಕೊಂಡರು.

ಆಫೀಸಿನಲ್ಲಿ ಪತ್ತೇದಾರ ಬೆನ್ನು ತಟ್ಟಿದ. "ಸರಿಯಾದ ಕೆಲಸ. ಕೀ ಕೇಳಿದಾಗ ಜಗಳ ಮಾಡಿದ್ರಾ?"

"ಇಲ್ಲ, ಸುಮ್ಮನೆ ಕೊಟ್ರು."

"ನೋಡಿ, ಸುಮ್ಮನೆ ಕೊಟ್ರು," ಎಂದು ಅವನು ತಲೆಯಾಡಿಸಿದ. ಜಗಳ ಮಾಡಿದ್ದರೂ ಅವನು ಹಾಗೇ ತಲೆಯಾಡಿಸುತ್ತಿದ್ದ ಎಂದು ಸೊಸೆಗೆ ಮೊದಲ ಸಲ ಅನ್ನಿಸಿತು.

ಊಟದ ಹೊತ್ತಿಗೆ ಮನೆಗೆ ಫೋನ್ ಮಾಡಿದಳು. ಅತ್ತೆ ಎತ್ತಲಿಲ್ಲ. ಮತ್ತೆ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಬೇರೆ ದಿನವಾಗಿದ್ದರೆ ಟೈಲರಕ್ಕನಿಗೆ ಮಾಡಿ "ಒಂದ್ಸಲ ನೋಡಿ ಅಕ್ಕ" ಅನ್ನಬಹುದಿತ್ತು. ಈಗ ಅವರ ಹೆಸರಿನ ಮೇಲೆ ಬೆರಳಿಟ್ಟು, ಒತ್ತದೆ ತೆಗೆದಳು. ಒತ್ತಿದರೂ ಏನು, ಅವರ ಬಳಿ ಕೀ ಎಲ್ಲಿದೆ? ಎರಡು ಕೀಗಳೂ ಅವಳ ಬ್ಯಾಗಿನಲ್ಲೇ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

ಬಚ್ಚಲ ನೆಲ ಕಣ್ಣ ಮುಂದೆ ಬಂತು. ಸೂಪರ್‌ವೈಸರ್‌ಗೆ ಅರ್ಧ ವಾಕ್ಯ ಹೇಳಿ, ಉಳಿದರ್ಧವನ್ನು ಬಾಗಿಲಾಚೆ ಹೇಳುತ್ತ, ಸಿಕ್ಕ ಬಸ್ಸು ಹತ್ತಿದಳು.

ಲಿಫ್ಟಿನಿಂದ ಹೊರಬಂದವಳು ಅಲ್ಲೇ ನಿಂತುಬಿಟ್ಟಳು. ಎದುರಿಗೆ ಕಂದು ಬಾಗಿಲು. ಅದರ ಮುಂದೆ ಹಸಿರು ಪಟ್ಟೆಯ ದಪ್ಪ ಬಟ್ಟೆಯ ಕಾಲೊರಸು. ಫೋನ್ ತೆಗೆದು ಫೋಟೊ ಪಕ್ಕಕ್ಕೆ ಹಿಡಿದಳು. ಅದೇ ಬಾಗಿಲು, ಅದೇ ಕಾಲೊರಸು, ಗೋಡೆಯ ಅಂಚಿಗೆ ಬಿದ್ದಿದ್ದ ಅದೇ ಬಣ್ಣದ ಹನಿ. ತನ್ನದೇ ಮನೆ. ಈ ಹೊತ್ತಿನಲ್ಲಿ ಅವಳು ಎಂದೂ ಅಲ್ಲಿ ನಿಂತು ನೋಡಿರಲೇ ಇಲ್ಲ.

ಬಾಗಿಲು ಬರೀ ಓರೆಯಾಗಿತ್ತು. ಒಳಗೆ ಯಾರೂ ಇರಲಿಲ್ಲ. "ಅತ್ತೆ" ಎಂದು ಕೂಗಿದಳು. ಉತ್ತರ ಹಿಂದಿನಿಂದ, ಮೆಟ್ಟಿಲುಗಳ ಕಡೆಯಿಂದ ಬಂತು.

"ಇಲ್ಲಿದೀನಿ. ಕಿರುಚಬೇಡ, ಜನ ಸೇರ್ತಾರೆ."

ಕೆಳಗಿನ ತಿರುವಿನಲ್ಲಿ, ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಅತ್ತೆ ಮೆಟ್ಟಿಲ ಮೇಲೆ ಕೂತಿದ್ದರು. ಮುಖದಲ್ಲಿ ನೋವಿರಲಿಲ್ಲ, ಸಿಕ್ಕಿಬಿದ್ದ ಮಗುವಿನ ಬಿಗುಮಾನವಿತ್ತು.

"ಬಿದ್ರಾ?"

"ಬಿದ್ದಿಲ್ಲ. ಇಳಿದೆ. ಹತ್ತಕ್ಕಾಗ್ತಿಲ್ಲ, ಅಷ್ಟೇ."

"ಇಳಿಯೋಕೆ ಯಾರು ಹೇಳಿದ್ರು ನಿಮಗೆ?"

"ದಿನಾ ಇಳೀತಿದ್ದೆ. ಟೈಲರಮ್ಮ ಕೈ ಹಿಡೀತಿದ್ಳು. ಕೆಳಗೆ ಗೇಟಿನ ತನಕ ಹೋಗಿ ಬಂದ್ಮೇಲೆ ನಿನಗೆ ಹೇಳೋಣ ಅಂತಿದ್ವಿ. ಆ ನಾರಿನ ಮ್ಯಾಟು ಕೋಲಿಗೆ ಜಾರುತ್ತೆ ಅಂತ ಕೆಳಗಡೆ ರಬ್ಬರ್ ಕೊಟ್ಟು ಇದನ್ನ ಹೊಲಿದ್ಳು. ನೀನು ಬರೋ ಹೊತ್ತಿಗೆ ತೆಗೆದಿಡ್ತಿದ್ವಿ, ಇವತ್ತು ನಾನೇ ಕೋಲಲ್ಲಿ ತಳ್ಳಿ ಹಾಕಿದೆ. ಹತ್ತಿ ಬಂದ್ಮೇಲೆ ಒಂದೊಂದು ಲೋಟ ಟೀ."

ಸೊಸೆ ಪಕ್ಕದಲ್ಲೇ ಕೂತಳು. "ನಿನ್ನೆ ಒಂದು ಸಣ್ಣ ಪೆಟ್ಟಿಗೆ ಬಂದಿತ್ತಲ್ಲ?"

"ಬಂದಿತ್ತು. ನಾವು ಕೆಳಗಿದ್ವಿ, ಬಾಗಿಲ ಹತ್ರ ಇಟ್ಟು ಹೋಗಿದ್ದ. ಚಪ್ಪಲಿ ಬದಲಿಗೆ ಬೇರೆ ಚಪ್ಪಲಿ ಕಳಿಸಿದಾರೇನೋ ಅಂತ ಮೇಲಿನ ಕಾಗದ ಹರಿದೆ." ಅತ್ತೆ ಕೋಲಿನ ಹಿಡಿ ಸವರಿದರು. "ಒಳಗಿನ ಪೆಟ್ಟಿಗೆ ಮೇಲೆ ನನ್ನಂಥದೇ ಒಬ್ಬ ಮುದುಕಿ ಸೋಫಾ ಮೇಲೆ ಕೂತಿದ್ಳು. ಮೂಲೇಲಿ ಒಂದು ಕಣ್ಣು ಅವಳನ್ನೇ ನೋಡ್ತಿತ್ತು. ಇದೇನೇ ಅಂತ ಟೈಲರಮ್ಮನ್ನ ಕೇಳಿದೆ. ಓದಿ ಹೇಳಿದ್ಳು. ಹೇಳಿ ಸುಮ್ಮನಾದ್ಳು."

"ಮತ್ತೆ?"

"ಬೇಡದ್ದನ್ನ ಕೊಟ್ಟು ಕಳ್ಸಿ ಅಂದಿದ್ಯಲ್ಲ. ಆ ವಾಪಸ್ಸಿನವನು ಬಂದ. ನನಗೆ ಬೇಡದ್ದನ್ನ ಕೊಟ್ಟೆ. ನಿನ್ನ ಚಪ್ಪಲಿ ಮಂಚದ ಕೆಳಗಿದೆ. ಕೊಡಬೇಡಿ ಅಮ್ಮ, ಅವಳ ಸಾಮಾನು ಅಂತ ಟೈಲರಮ್ಮ ಬಡ್ಕೊಂಡ್ಳು. ನಾನೇ ಕೇಳ್ಲಿಲ್ಲ."

ಸೊಸೆಗೆ ತಲೆ ಎತ್ತಲಾಗಲಿಲ್ಲ. "ಇವತ್ತು ಅವರನ್ನ ಕರೀಬೇಕಿತ್ತು ನೀವು. ಎದುರಿಗೇ ಇದಾರಲ್ಲ."

"ನೀನು ಕೀ ಇಸ್ಕೊಂಡು ಹೋದೆ. ನಾನು ಯಾವ ಮುಖ ಇಟ್ಕೊಂಡು ಬಾಗಿಲು ತಟ್ಲಿ? ಆಗಿಂದ ಮಷೀನ್ ಸದ್ದು ಕೇಳ್ತಾ ಕೂತಿದೀನಿ."

ಸೊಸೆ ಅತ್ತೆಯ ಕಂಕುಳಿಗೆ ಕೈಕೊಟ್ಟು ಎತ್ತಲು ನೋಡಿದಳು. ಇಬ್ಬರೂ ತೂರಾಡಿ ಮತ್ತೆ ಕೂತರು. ಎರಡನೇ ಸಲ ಅತ್ತೆ ನೋವಿಗೆ ಹಲ್ಲು ಕಚ್ಚಿದರು. ಇನ್ನು ದಾರಿಯಿರಲಿಲ್ಲ. ಸೊಸೆ ಮೇಲೆ ಹೋಗಿ ಎದುರು ಬಾಗಿಲು ತಟ್ಟಿದಳು. ಮಷೀನ್ ನಿಂತಿತು.

"ಅಕ್ಕ, ಅತ್ತೆ ಮೆಟ್ಟಿಲಲ್ಲಿ ಕೂತುಬಿಟ್ಟಿದಾರೆ. ನನ್ನ ಕೈಲಿ ಆಗ್ತಿಲ್ಲ."

ಟೈಲರಕ್ಕ ಕುತ್ತಿಗೆಯ ಟೇಪೂ ತೆಗೆಯದೆ, ಅವಳನ್ನು ದಾಟಿ ಮೆಟ್ಟಿಲಿಳಿದರು. ಅತ್ತೆಯ ಸೊಂಟಕ್ಕೆ ಕೈಹಾಕಿ ಆನಿಸಿಕೊಂಡರು. "ಒಳ್ಳೆ ಕಾಲು ಮೊದಲು ಅಮ್ಮ. ಮೊನ್ನೆ ಹೇಗೆ ಹತ್ತಿದ್ರಿ? ಹಾಂ, ಕೋಲು ಆಮೇಲೆ. ಒಬ್ರೇ ಯಾಕೆ ಇಳಿದ್ರಿ, ಅಷ್ಟು ಅವಸರ ಏನಿತ್ತು ಗೇಟಲ್ಲಿ?"

"ನೀನು ಬರಲ್ಲ ಅಂತ ಸಿಟ್ಟು ಬಂತು."

"ಬರಬೇಡ ಅಂದ್ರೆ ಹೇಗೆ ಬರ್ಲಿ?"

ಸೊಸೆ ಹಿಂದೆ ನಿಂತು ಅತ್ತೆಯ ಬೆನ್ನಿಗೆ ಕೈ ಒಡ್ಡಿ, ಒಂದೊಂದೇ ಮೆಟ್ಟಿಲು ಏರಿದಳು. ಅತ್ತೆಯನ್ನು ಮಂಚಕ್ಕೆ ಸೇರಿಸುವವರೆಗೆ ಅಕ್ಕ ಅವಳ ಕಡೆ ನೋಡಲಿಲ್ಲ. ಬಾಗಿಲಿಗೆ ಬಂದಾಗ ಸೊಸೆ ಬ್ಯಾಗಿನಿಂದ ಕೀ ತೆಗೆದು ಚಾಚಿದಳು. "ತಪ್ಪಾಯ್ತು ಅಕ್ಕ. ಇದು ನಿಮ್ಮ ಹತ್ರವೇ ಇರ್ಲಿ."

ಅಕ್ಕ ಕೀ ಮುಟ್ಟಲಿಲ್ಲ. "ಬೀಗ ಬದಲಾಯಿಸ್ತೀವಿ ಅಂದಿದ್ರಲ್ಲ. ಈ ಹಳೇದು ಯಾಕೆ ನನಗೆ?"

ನಿನ್ನೆಯವರೆಗೆ 'ನೀನು' ಅನ್ನುತ್ತಿದ್ದವರು ಇಂದು ಬಹುವಚನಕ್ಕೆ ಏರಿದ್ದರು. ಸೊಸೆಯ ಕೈ ಹಾಗೇ ಚಾಚಿಕೊಂಡಿತ್ತು.

"ಅಮ್ಮನಿಗೆ ಈಗ ಬಾಗಿಲು ತೆಗೆಯೋಕೆ ಬರುತ್ತೆ," ಅಂದರು ಅಕ್ಕ. "ಅವರೇ ತೆಗೀಲಿ, ನಾನು ಹೊರಗೇ ಕೈ ಹಿಡೀತೀನಿ. ಊಟಕ್ಕೆ ನಮ್ಮನೇಲೇ ಕೂರಿಸ್ತೀನಿ. ನಿಮ್ಮನೆ ಒಳಗೆ ಮಾತ್ರ ನಾನು ಬರಲ್ಲ." ಹೇಳಿ ಎದುರು ಬಾಗಿಲೊಳಗೆ ಹೋದರು.

ಮಂಚದಿಂದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ನಿಂತ್ಕೊಂಡು ಏನು ನೋಡ್ತೀಯಾ? ಹತ್ತಿದ್ಮೇಲೆ ಟೀ ಆಗಬೇಕು. ಮೂರು ಲೋಟ ಮಾಡು."

ಸೊಸೆ ಟೀ ಮಾಡಿದಳು. ಒಂದು ಲೋಟ ಅತ್ತೆಯ ಕೈಗಿತ್ತು, ಇನ್ನೊಂದನ್ನು ಹಿಡಿದು ಹಸಿರು ಪಟ್ಟೆಯನ್ನು ದಾಟಿ ಎದುರು ಬಾಗಿಲಿಗೆ ಹೋದಳು. ತಟ್ಟಿ ಕಾದಳು. ಮಷೀನ್ ಓಡುತ್ತಲೇ ಇತ್ತು. ಲೋಟ ಬೆರಳು ಸುಡುತ್ತಿತ್ತು, ಆದರೂ ಕೆಳಗಿಡಲಿಲ್ಲ. ಹೊಲಿಗೆಯ ಸಾಲು ಮುಗಿದ ಮೇಲೆ ಮಷೀನ್ ನಿಂತು, ಬಾಗಿಲು ಒಂದು ಕೈಯಷ್ಟು ತೆರೆಯಿತು.

ಅಕ್ಕ ಲೋಟ ತೆಗೆದುಕೊಂಡರು. ಒಂದು ಗುಟುಕು ಕುಡಿದು ಅವಳ ಮುಖ ನೋಡಿದರು.

"ಲೋಟ ಸಂಜೆ ಕೊಡ್ತೀನಿ," ಅಂದರು. "ಎಣಿಸಿ ಇಟ್ಕೊಳ್ಳಿ."